ಸಾಹುಕಾರರ ಕಾರಿಗೆ ಎರಡು ರಬ್ಬರ್ ಪಟ್ಟಿ

ಮೊನ್ನೆ ಅಳಿಯ ಬಂದಿದ್ದ. ಹೊಸಪೇಟೆಯಲ್ಲಿ ಹಲ್ಲಿನ ಡಾಕ್ಟರು. ಹೊಸ ಕಾರು ತೋರಿಸಲೆಂದೇ ಮಗಳನ್ನು ಕೂರಿಸಿಕೊಂಡು ಕೂಡ್ಲಿಗಿಗೆ ಬಂದದ್ದು. ಕಾರು ಎಷ್ಟು ದೊಡ್ಡದೆಂದರೆ, ಅದು ನಮ್ಮ ಓಣಿಯಲ್ಲಿ ನಿಂತ ಮೇಲೆ ಎದುರು ಮನೆಯ ಎಮ್ಮೆ ಮೇಯಲು ಹೋಗಲು ದಾರಿಯಿಲ್ಲದೆ ಕೊಟ್ಟಿಗೆಯಲ್ಲೇ ಉಳಿಯಿತು. ನಾನು ಸುತ್ತ ಒಂದು ಸಲ ಓಡಾಡಿ, ಮುಟ್ಟಬೇಕೋ ಬೇಡವೋ ತಿಳಿಯದೆ, ಕೈ ಹಿಂದೆ ಕಟ್ಟಿಕೊಂಡು ನಿಂತೆ. ಅಳಿಯ ಹಿಂದಿನ ಬಾಗಿಲು ತೆಗೆದು ಒಂದು ಪ್ಯಾಕೆಟ್ ಹರಿದ. ಒಳಗೆ ಮೊರದಗಲದ ಕಪ್ಪು ಹಾಳೆಗಳು. ಹೊಸ ರಬ್ಬರಿನ ವಾಸನೆ ಗಮ್ಮೆಂದು ಬಂತು.

"ಮಾವಾರ, ಈ ಮಡ್ ಫ್ಲಾಪ್ ಹಾಕಿಸ್ಲೋ ಬ್ಯಾಡೋ? ಹಾಕಿಸಿದ್ರ ಕಾರಿನ ಲುಕ್ ಹೋಗ್ತೈತಿ ಅಂತಾರ. ಹಾಕಿಸ್ದಿದ್ರ ಕೆಸರು ಹಾರ್ತೈತಿ ಅಂತಾರ. ನೀವು ಹೇಳ್ದಂಗ."

ಚಕ್ರದ ಹಿಂದೆ ಜೋತು ಬೀಳುವ ಒಂದು ರಬ್ಬರ್ ಪಟ್ಟಿಯ ಬಗ್ಗೆ ಇಷ್ಟು ಯೋಚನೆಯೇ ಎಂದು ನಿಮಗೆ ಅನ್ನಿಸಬಹುದು. ನನಗೂ ಅನ್ನಿಸಬೇಕಾಗಿತ್ತು. ಆದರೆ ಆ ವಾಸನೆ ಮೂಗಿಗೆ ಬಡಿದದ್ದೇ ನನಗೆ ಒಂದು ಹಳೇ ಕಾರು ನೆನಪಾಯಿತು. ಯಾಕೆಂದರೆ ಇದೇ ಪ್ರಶ್ನೆಯನ್ನು ಎಪ್ಪತ್ತರ ದಶಕದ ಕೊನೆಯಲ್ಲಿ ಒಬ್ಬರು ನನಗೆ ಕೇಳಿದ್ದರು. ಆಗ ನಾನು ಒಂದಿಷ್ಟೂ ತಡವರಿಸದೆ ಉತ್ತರ ಕೊಟ್ಟಿದ್ದೆ.

ನಾನು ಬಿ.ಎ. ಪಾಸಾದವನು. ಈಗ ಇದನ್ನು ಹೇಳಿದರೆ ಮೊಮ್ಮಕ್ಕಳು "ಅಷ್ಟೇನಾ?" ಅನ್ನುತ್ತಾರೆ. ಆದರೂ ಹೇಳುತ್ತೇನೆ. ಕೊಟ್ಟೂರಿಗೂ ಹರಪನಹಳ್ಳಿಗೂ ನಡುವೆ ಬಸ್ಸಿನ ರಸ್ತೆಗೆ ಅಂಟಿಕೊಂಡಿದ್ದ ಒಂದು ಸಣ್ಣ ಊರು ನಮ್ಮದು. ಅಪ್ಪ ಅವ್ವ ಕುರಿ ಸಾಕಿ ಕಂಬಳಿ ನೇಯುತ್ತಿದ್ದರು. ನಮ್ಮ ಮನೆತನದಲ್ಲಿ ಹೆಬ್ಬೆಟ್ಟು ಒತ್ತದೆ ಸಹಿ ಹಾಕಿದವನು ನಾನೇ ಮೊದಲು. ಇಂಗ್ಲಿಷ್ ಪೇಪರಿನಲ್ಲಿ ಎರಡು ಸಲ ಡುಮ್ಕಿ ಹೊಡೆದು ಮೂರನೇ ಸಲ ಪಾಸಾದೆ. ಪಾಸಾದ ವಾರವೇ ತಗಡಿನ ಟ್ರಂಕಿನ ಮೇಲೆ ಹೆಸರು ಬರೆಸಿದೆ. ಪೇಂಟರು ಹೆಸರಿಗಿಂತ ಬಿ.ಎ. ಎಂಬ ಎರಡಕ್ಷರವನ್ನೇ ದಪ್ಪಗೆ ಬರೆದುಬಿಟ್ಟ. ನಾನು ಬೇಡ ಅನ್ನಲಿಲ್ಲ.

ಆ ಟ್ರಂಕನ್ನು ಹೊತ್ತುಕೊಂಡೇ ಹರಪನಹಳ್ಳಿಗೆ ಹೋಗಿ ಒಂದು ಶೇಂಗಾ ಎಣ್ಣೆ ಮಿಲ್ಲಿನಲ್ಲಿ ಕೆಲಸಕ್ಕೆ ಸೇರಿದೆ. ಸಾಹುಕಾರರಿಗೆ ಬರುವ ಇಂಗ್ಲಿಷ್ ಕಾಗದಗಳನ್ನು ಓದಿ ಅರ್ಥ ಹೇಳುವುದು, ಉತ್ತರ ಬರೆಯುವುದು, ತಂತಿ ಬಂದರೆ ಓದುವುದು. ತಂತಿ ಬಂದಾಗ ಇಡೀ ಮಿಲ್ಲು ನನ್ನ ಮುಖ ನೋಡುತ್ತಿತ್ತು. ಆ ಮುಖಕ್ಕೆ ಒಂದು ಗತ್ತು ತಾನಾಗಿಯೇ ಬಂದಿತ್ತೆಂದು ಈಗ ಅನ್ನಿಸುತ್ತದೆ. ನಮ್ಮಪ್ಪ ಏನು ಮಾಡುತ್ತಾನೆಂದು ಅಲ್ಲಿ ಯಾರೂ ಕೇಳಲಿಲ್ಲ. ಕೇಳದಿದ್ದದ್ದು ಒಳ್ಳೆಯದಾಯಿತೆಂದು ನಾನೂ ಹೇಳಲಿಲ್ಲ.

ಹೀಗಿರುವಾಗ ಸಾಹುಕಾರರು ಬೊಂಬಾಯಿಯಿಂದ ಒಂದು ಫಾರಿನ್ ಕಾರು ತರಿಸಿದರು. ಯಾರೋ ಹತ್ತಿ ವ್ಯಾಪಾರಿ ಓಡಿಸಿ ಬಿಟ್ಟದ್ದು. ಕೆನೆ ಬಣ್ಣ. ಸ್ಟೇರಿಂಗು ಎಡಗಡೆ. ಒಳಗಿನ ಸೀಟು ಚರ್ಮದ್ದು. ಅಂಬಾಸಿಡರನ್ನೇ ಬಾಯಿ ತೆರೆದು ನೋಡುತ್ತಿದ್ದ ಕಾಲ. ಮಿಲ್ಲಿನ ಗೇಟಿನಲ್ಲಿ ಮೂರು ದಿನ ಜನ ಕರಗಲಿಲ್ಲ. ಅದನ್ನು ಓಡಿಸುವವನೂ ರಿಪೇರಿ ಮಾಡುವವನೂ ಬುಡೇನ್‌ಸಾಬ್ ಎಂಬ ಮೆಕಾನಿಕ್ಕು. ಲಾರಿ ಎಂಜಿನ್ನುಗಳ ಹೊಟ್ಟೆಯೊಳಗೆ ಕೈ ಹಾಕಿ ಬೆಳೆದವನು. ಕಾರಿನ ಸುತ್ತ ಒಂದು ಸುತ್ತು ಬಂದು, ಹಿಂದಿನ ಚಕ್ರದ ಹತ್ತಿರ ಕುಕ್ಕರುಗಾಲಲ್ಲಿ ಕೂತು ಅವನು ಹೇಳಿದ:

"ಸಾಹುಕಾರ್ರ, ಇದಕ್ಕ ಹಿಂದ ರಬ್ಬರ್ ಪಟ್ಟಿ ಇಲ್ರಿ. ಹಳೇ ಲಾರಿ ಟೈರ್ ಐತಿ ನನ್ನತ್ರ. ಅರ್ಧ ದಿನದಾಗ ಕೊಯ್ದು ಕಟ್ತೀನಿ. ಇಲ್ಲಂದ್ರ ಮಳಿಗಾಲದಾಗ ರೋಡ್ ಮಗ್ಗಲದಾಗ ಇರೋ ಮಂದಿ ನಮ್ಮನ್ನ ಬಯ್ಯಾಕ ಹತ್ತತಾರ. ಕಂಬಳಿ ಹಾಸು ಹಾಕಿರ್ತಾರ, ಅವರ ಮ್ಯಾಲ ಹೊಡೀತೈತ್ರಿ."

ಸಾಹುಕಾರರ ಮುಖ ಗಂಟಾಯಿತು. "ಲಾರಿ ಮಾಡ್ತೀಯೇನೋ ಇದನ್ನ?"

"ಲಾರಿ ಯಾಕಾಗ್ತೈತ್ರಿ? ಲಾರಿಗೆ ಚರ್ಮದ ಸೀಟ್ ಎಲ್ಲೈತಿ?"

ಸಾಹುಕಾರರು ನನ್ನ ಕಡೆ ತಿರುಗಿದರು. ಕಾರಿನ ಜೊತೆ ಬಂದಿದ್ದ ಇಂಗ್ಲಿಷ್ ಪುಸ್ತಕವನ್ನು ನನ್ನ ಕೈಗಿಟ್ಟರು. "ನೀ ಓದಿದೋನು. ಇದರಾಗ ಏನೈತಿ ನೋಡಿ ಹೇಳು. ನೀ ಹೇಳ್ದಂಗ ಮಾಡೋಣ."

ಮೂರು ದಿನ ಡಿಕ್ಷನರಿ ಇಟ್ಟುಕೊಂಡು ಓದಿದೆ. ಎಣ್ಣೆ ಎಲ್ಲಿ ಹಾಕಬೇಕು, ಗಾಳಿ ಎಷ್ಟು ಹಿಡಿಸಬೇಕು, ಹಿಮ ಬಿದ್ದರೆ ಏನು ಮಾಡಬೇಕು, ಎಲ್ಲ ಇತ್ತು. ರಬ್ಬರ್ ಪಟ್ಟಿ ಇರಲಿಲ್ಲ. ಕಂಪನಿಯವರು ಕೊಡದ ಯಾವ ಸಾಮಾನನ್ನೂ ಕಾರಿಗೆ ಜೋಡಿಸಬೇಡಿ ಎಂಬ ಒಂದು ಸಾಲು ಮಾತ್ರ ಇತ್ತು. ನಾಲ್ಕನೇ ದಿನ ಎಲ್ಲರ ಮುಂದೆ ಆ ಸಾಲನ್ನು ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ಕನ್ನಡದಲ್ಲಿ ಓದಿದೆ.

"ಬುಕ್ಕಿನಾಗ ಇಲ್ರಿ. ಬ್ಯಾಡ."

"ಬಿ.ಎ. ಸಾಹೇಬ್ರ," ಬುಡೇನ್ ಕೈಯೊರೆಸಿಕೊಳ್ಳುತ್ತ ಕೇಳಿದ, "ಆ ಬುಕ್ಕಿನಾಗ ಕೊಟ್ಟೂರು ರೋಡ್ ಐತೇನ್ರಿ?"

ಎಲ್ಲರೂ ನಕ್ಕರು. ನಾನೂ ಬಿಡಲಿಲ್ಲ. "ಐತಿ. ಕೆಟ್ಟ ರಸ್ತೆಯಲ್ಲಿ ನಿಧಾನಕ್ಕೆ ಹೋಗಬೇಕು ಅಂತ ಬರದಾರ." ಮತ್ತೆ ನಕ್ಕರು. ಈ ಸಲ ಬುಡೇನನನ್ನು ನೋಡಿ. ಅಲ್ಲಿಗೆ ಮುಗಿಯಿತು.

ಕಂಬಳಿ ಹಾಸು ಅಂದರೇನೆಂದು ಗೊತ್ತಿಲ್ಲದವರಿಗೆ ಹೇಳಬೇಕು. ಉಣ್ಣೆಯ ನೂಲನ್ನು ಮಗ್ಗಕ್ಕೇರಿಸುವ ಮುಂಚೆ ಉದ್ದಕ್ಕೆ, ಗೂಟದಿಂದ ಗೂಟಕ್ಕೆ, ಬಿಗಿಯಾಗಿ ಎಳೆದು ಕಟ್ಟುತ್ತಾರೆ. ಹುಣಸೆ ಬೀಜ ಹುರಿದು ಕುಟ್ಟಿ ಕುದಿಸಿದ ಗಂಜಿಯನ್ನು ದೊಡ್ಡ ಕುಂಚದಿಂದ ಎಳೆ ಎಳೆಗೂ ಹಚ್ಚುತ್ತಾರೆ. ಬಿಸಿಲಿಗೆ ಒಣಗಿದರೆ ನೂಲು ತಂತಿಯಂತೆ ಆಗುತ್ತದೆ. ಹಸಿ ಗಂಜಿಯ ಮೇಲೆ ಮಣ್ಣು ಬಿದ್ದರೆ ಅದೂ ಜೊತೆಗೇ ಒಣಗಿ ಕೂರುತ್ತದೆ. ಆಮೇಲೆ ಮಗ್ಗದಲ್ಲಿ ಆ ಮಣ್ಣಿನ ಹರಳು ಎಳೆಯನ್ನು ಕೊಯ್ಯುತ್ತದೆ. ತೊಳೆದರೆ ನೂಲು ಬಿಚ್ಚಿಕೊಳ್ಳುತ್ತದೆ. ಹಾಸು ಕೆಟ್ಟರೆ ಮತ್ತೆ ಕುರಿಯ ಮೈಮೇಲೆ ಉಣ್ಣೆ ಬೆಳೆಯುವ ತನಕ ಕಾಯಬೇಕು. ನಮ್ಮೂರಲ್ಲಿ ಹೊಲವೆಲ್ಲ ಎರೆ ಮಣ್ಣು. ಮಳೆಗಾಲದಲ್ಲಿ ಗಟ್ಟಿ ನೆಲವೆಂದರೆ ರಸ್ತೆಯ ಪಕ್ಕದ ಗರಸು ಮಣ್ಣಿನ ಪಟ್ಟೆ ಒಂದೇ. ಅಪ್ಪ ಅಲ್ಲೇ ಹಾಸು ಹಾಕುತ್ತಿದ್ದ. ಅವನ ಅಪ್ಪನೂ ಅಲ್ಲೇ.

ಇಷ್ಟೆಲ್ಲ ಗೊತ್ತಿದ್ದವನು ಪುಸ್ತಕ ಓದುವಾಗ ಯಾಕೆ ನೆನಪಿಸಿಕೊಳ್ಳಲಿಲ್ಲ? ನಾನೂ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಬುಡೇನ್ ಕಂಬಳಿ ಹಾಸು ಅಂದಾಗ ಕಿವಿಗೆ ಬಿದ್ದಿತ್ತು. ಬಿದ್ದಿತ್ತೆಂದೇ ಆ ಒಂದು ಸಾಲನ್ನು ಹಿಡಿದು ಬೇಡ ಅಂದೆನೋ, ಅಥವಾ ನಿಜವಾಗಿಯೂ ಮರೆತಿದ್ದೆನೋ.

ಮಳೆ ಸುರಿದು ಬಿಟ್ಟ ಮರುದಿನ ಕೊಟ್ಟೂರಿಗೆ ಹೊರಟೆವು. ಒಳ್ಳೆಯ ಬಿಸಿಲು. ಹಿಂದೆ ಸಾಹುಕಾರರು, ಮುಂದೆ ಬುಡೇನನ ಪಕ್ಕ ನಾನು. ಜೀವನದಲ್ಲಿ ಮೊದಲ ಸಲ ಕಾರಿನಲ್ಲಿ ನಮ್ಮೂರನ್ನು ಹಾಯುತ್ತಿದ್ದೇನೆ. ಊರವರು ನೋಡಲಿ ಎಂಬ ಆಸೆ ಯಾರಿಗಿರುವುದಿಲ್ಲ ಹೇಳಿ? "ಬುಡೇನ್, ಒಂಚೂರು ಹಾರನ್ ಹೊಡಿ," ಅಂದೆ. ಅವನು ಹೊಡೆದ. ಊರ ಮುಂದಿನ ತಗ್ಗಿನಲ್ಲಿ ನೀರು ನಿಂತಿತ್ತು. ನಿಧಾನ ಮಾಡಿದರೆ ಚಕ್ರ ಹೂತುಕೊಳ್ಳುತ್ತದೆಂದು ಬುಡೇನ್ ಜೋರಾಗಿಯೇ ಇಳಿಸಿದ. ತಗ್ಗು ದಾಟಿದ ಮೇಲೆ ಕನ್ನಡಿಯಲ್ಲಿ ಕಂಡಿತು: ರಸ್ತೆಯ ಪಕ್ಕ ಉದ್ದಕ್ಕೆ ಎಳೆದ ಹಾಸು, ಕುಂಚ ಹಿಡಿದ ಅಪ್ಪ, ಗಂಜಿಯ ಗಡಿಗೆ ಹಿಡಿದ ಅವ್ವ. ಅಪ್ಪ ಕೈ ಎತ್ತಿದ್ದ.

ಕಾರಿನಲ್ಲಿ ಮಗನಿದ್ದಾನೆಂದು ಕಂಡು ಎತ್ತಿದನೋ, ನಿಲ್ಲಿಸಿ ಎಂದು ಎತ್ತಿದನೋ, ಮುಖಕ್ಕೆ ಹಾರಿದ ಕೆಸರಿಗೆ ಅಡ್ಡ ಹಿಡಿದನೋ, ನನಗೆ ಇವತ್ತಿಗೂ ತಿಳಿಯದು. ನಾನು ಮಾಡಿದ್ದು ಮಾತ್ರ ಚೆನ್ನಾಗಿ ನೆನಪಿದೆ. ಕಿಟಕಿಯಿಂದ ಕೈ ಹೊರಗೆ ಹಾಕಿ ಬೀಸಿದೆ.

"ಯಾರು, ಪರಿಚಯದೋರೇನು?" ಸಾಹುಕಾರರು ಕೇಳಿದರು.

"ಊರೋರ್ರೀ," ಅಂದೆ.

ಆ ಭಾನುವಾರ ಊರಿಗೆ ಹೋದೆ. ಅವ್ವ ಬಾವಿಯ ಹತ್ತಿರ ನೂಲು ತೊಳೆಯುತ್ತಿದ್ದಳು. ಬಿಚ್ಚಿಕೊಂಡ ನೂಲು ಅವಳ ಕೈಯಲ್ಲಿ ಬೆಕ್ಕಿನ ಬಾಲದ ಹಾಗೆ ಉಬ್ಬಿತ್ತು. "ಹೋತು ಬಿಡು," ಅಂದಳು. "ಮುಂದಿನ ಉಣ್ಣಿ ಕತ್ತರ್ಸಾ ತನಾ ಸುಮ್ನ ಕುಂದ್ರಬೇಕು. ನಿಮ್ಮ ಸಾಹುಕಾರ್ಗೆ ಹೇಳೋ, ಗಾಡಿ ಹಿಂದ ಏನಾರ ಕಟ್ಟಕೊಳ್ಳಾಕ." ಅಪ್ಪ ಕುರಿಗಳ ಕಡೆ ಹೋಗಿದ್ದ. ಅವನ ಮುಖ ನೋಡುವುದು ತಪ್ಪಿತೆಂದು ಸಂಜೆಯ ಬಸ್ಸಿಗೇ ವಾಪಸು ಬಂದೆ.

ಸೋಮವಾರ ಸಾಹುಕಾರರ ಮುಂದೆ ನಿಂತು, "ಆ ಪಟ್ಟಿ ಹಾಕಿಸಿದ್ರ ಹೆಂಗ್ರಿ?" ಅಂದೆ.

ಅವರು ಎಲೆಗೆ ಸುಣ್ಣ ಹಚ್ಚುತ್ತಿದ್ದವರು ತಲೆ ಎತ್ತಿದರು. "ಮೊನ್ನಿ ಬ್ಯಾಡಂದಿ. ಇವತ್ತು ಬೇಕಂತಿ. ಬುಕ್ಕಿನಾಗ ಬರದದ್ದು ಬದಲಾತೇನು?"

ಒಂದು ಮಾತು ಸಾಕಿತ್ತು. ನಮ್ಮಪ್ಪನ ಹಾಸು ಕೆಟ್ಟಿತ್ರಿ ಅಂದಿದ್ದರೆ ಆಗುತ್ತಿತ್ತು. ಬಾಯಿಗೆ ಬಂದದ್ದು ಬೇರೆ. "ಇಲ್ರಿ. ಹಂಗ ಕೇಳ್ದೆ. ಬ್ಯಾಡ ಬಿಡ್ರಿ." ಮೂರು ಸಲ ಕೂತು ಗೆದ್ದ ಇಂಗ್ಲಿಷನ್ನು ನಾಲ್ಕು ಜನರ ಎದುರು ತಪ್ಪೆಂದು ಒಪ್ಪಿಕೊಳ್ಳಲು ನನ್ನಿಂದ ಆಗಲಿಲ್ಲ.

ಆಮೇಲೆ ನಡೆದದ್ದಕ್ಕೆ ತಲೆಬುಡ ತಿಳಿಯಲಿಲ್ಲ. ತಿಂಗಳು ಕಳೆದಿರಬೇಕು. ಒಂದು ಬೆಳಗ್ಗೆ ನೋಡಿದರೆ ಕಾರಿನ ಹಿಂದೆ ಲಾರಿ ಟೈರಿನ ಎರಡು ಪಟ್ಟಿ ಜೋತಾಡುತ್ತಿವೆ. ನನ್ನನ್ನು ಯಾರೂ ಕೇಳಿರಲಿಲ್ಲ. ಬುಡೇನ್ ನನ್ನ ಕಣ್ಣು ತಪ್ಪಿಸುತ್ತಿದ್ದ. ನಾನು ಸಂತೋಷಪಡಬೇಕಾಗಿತ್ತು ತಾನೇ? ಇಲ್ಲ. ವಾರವಿಡೀ ಮುಖ ಊದಿಸಿಕೊಂಡು ಓಡಾಡಿದೆ. ಒಬ್ಬ ಗ್ರಾಜುಯೇಟ್ ಓದಿ ಹೇಳಿದ ಮಾತಿಗೆ ಇಷ್ಟೇ ಬೆಲೆಯೇ ಎಂದು. ನಗಬೇಡಿ. ನಗುವುದಾದರೆ ಸ್ವಲ್ಪ ನಗಿ.

ಊರಿಗೆ ಹೋದರೆ ಅಲ್ಲಿ ಇನ್ನೊಂದು. ಅಪ್ಪ ರಸ್ತೆ ಪಕ್ಕದ ಗೂಟಗಳನ್ನೆಲ್ಲ ಕಿತ್ತು, ಊರ ಹಿಂದೆ ಒಂದು ಮೈಲಿ ದೂರದ ಕಲ್ಲು ದಿಬ್ಬದ ಮೇಲೆ ಹುಗಿದಿದ್ದ. ಅವ್ವ ಗಂಜಿಯ ಗಡಿಗೆ ಹೊತ್ತು ಆ ದಿಬ್ಬ ಹತ್ತಬೇಕು.

"ಯಾಕಪಾ, ಅಷ್ಟು ದೂರ?" ಅಂದೆ. "ಸಾಹುಕಾರ್ರು ಕಾರಿಗೆ ಪಟ್ಟಿ ಹಾಕ್ಸ್ಯಾರ ಈಗ."

"ಹೌದಾ?" ಅಂದ ಅಪ್ಪ. ನನ್ನ ಮುಖವನ್ನು ಒಂದು ಗಳಿಗೆ ನೋಡಿದ. "ಇರ್ಲಿ ಬಿಡು. ಅಲ್ಲಿ ಬಿಸಲು ಚಲೋ ಬೀಳ್ತೈತಿ."

ಕೊನೆಯವರೆಗೂ ಅವನು ರಸ್ತೆಗೆ ಬರಲಿಲ್ಲ. ನಾನು ಮಿಲ್ಲು ಬಿಟ್ಟು ಸರ್ಕಾರಿ ಸ್ಕೂಲಿನ ಮೇಷ್ಟ್ರಾದೆ. ಕಾರು ಯಾರಿಗೋ ಹೋಯಿತು. ಅಪ್ಪ ತೀರಿಕೊಂಡ. ಅವನು ತೀರಿಕೊಂಡು ಎರಡು ವರ್ಷಕ್ಕೆ, ಎಂಬತ್ತರ ದಶಕದ ಕೊನೆಯಲ್ಲಿ, ಹಗರಿಬೊಮ್ಮನಹಳ್ಳಿ ಬಸ್ ನಿಲ್ದಾಣದಲ್ಲಿ ಬುಡೇನ್‌ಸಾಬ್ ಸಿಕ್ಕ. ಗಡ್ಡ ಬೆಳ್ಳಗಾಗಿತ್ತು. ಚಹಾ ಕುಡಿಯುತ್ತ ಅಪ್ಪನ ಸುದ್ದಿ ಹೇಳಿದೆ. ಅವನು ಲೋಟ ಕೆಳಗಿಟ್ಟ.

"ಅವರು ಒಮ್ಮೆ ಮಿಲ್ಲಿಗೆ ಬಂದಿದ್ರು, ಮೇಷ್ಟ್ರ. ನೀವು ಪೋಸ್ಟಾಫೀಸಿಗೆ ಹೋಗಿದ್ರಿ. ಗೇಟಿನಾಗ ಕಂಬಳಿ ಹೊದ್ದು ನಿಂತಿದ್ರು. ಸಾಹುಕಾರ್ರಿಗೆ ಕೈ ಮುಗುದು, ಗಾಡಿಗೆ ಹಿಂದ ಏನಾರ ಕಟ್ಸ್ರಿ, ನಮ್ಮ ಹಾಸು ಕೆಡ್ತೈತಿ ಅಂದ್ರು. ಸಾಹುಕಾರ್ರು, ನಮ್ಮ ಬಿ.ಎ. ಬುಕ್ ಓದಿ ಬ್ಯಾಡ ಅಂದಾನ ಅಂತ ನಿಮ್ಮ ಹೆಸರು ಹೇಳಿದ್ರು."

"ಆಮ್ಯಾಲ?"

"ನಿಮ್ಮಪ್ಪಾರು ಹೆಗಲ ಮ್ಯಾಲಿನ ಕಂಬಳಿ ಸರಿ ಮಾಡ್ಕೊಂಡ್ರು. ಆಮ್ಯಾಲ ಅಂದ್ರು, ಅವ ನನ್ನ ಮಗರಿ. ಓದ್ಯಾನ. ಅವ ಬ್ಯಾಡ ಅಂದಾನಂದ್ರ ಏನೋ ಇರ್ತೈತಿ. ನಾನ ಗೂಟ ಕಿತ್ತಕೋತೀನಿ ಬಿಡ್ರಿ. ಅಷ್ಟಂದು ಹೋಗಿಬಿಟ್ರು. ಸಾಹುಕಾರ್ರು ಅವತ್ತು ಮಧ್ಯಾಹ್ನ ಊಟ ಮಾಡ್ಲಿಲ್ಲ. ಪಟ್ಟಿ ಕಟ್ಟು, ಅವಗ ಏನೂ ಹೇಳಬ್ಯಾಡ ಅಂದ್ರು."

ನನ್ನ ಬಸ್ಸು ಬಂತು, ಹೋಯಿತು. ನಾನು ಹತ್ತಲಿಲ್ಲ.

ಅಪ್ಪ ಅದನ್ನು ನಿಜವಾಗಿ ನಂಬಿ ಅಂದನೋ? ಓದಿದ ಮಗನಿಗೆ ತನ್ನ ಕಣ್ಣಿಗಿಂತ ಹೆಚ್ಚು ಕಾಣುತ್ತದೆಂದು? ಅಥವಾ ಸಾಹುಕಾರರ ಮುಂದೆ ಮಗನ ಮಾತು ಬಿದ್ದುಹೋಗಬಾರದೆಂದೋ? ಅಥವಾ ನೊಂದು ಅಂದ ಮಾತೋ? ಒಂದೊಂದು ವರ್ಷ ಒಂದೊಂದು ನಿಜವೆನ್ನಿಸಿದೆ. ನಂಬಿದ್ದ ಅಂದುಕೊಂಡ ವರ್ಷಗಳಲ್ಲೇ ನನಗೆ ಹೆಚ್ಚು ಕಷ್ಟವಾಗಿದೆ.

"ಮಾವಾರ?" ಅಳಿಯ ಎರಡನೇ ಸಲ ಕರೆದ. "ಏನು ಮಾಡ್ಲಿ?"

ನಮ್ಮ ಓಣಿಯ ಬಾಯಲ್ಲಿ ನೀರಿನ ಪೈಪು ಒಡೆದು ಸದಾ ಕೆಸರು ನಿಲ್ಲುವ ಒಂದು ಗುಂಡಿಯಿದೆ. ನಾನು ಅದರಿಂದ ನಾಲ್ಕು ಹೆಜ್ಜೆ ಅಳೆದು ನಿಂತೆ. "ಕಾರು ತಗೊಂಡು ಬಾ," ಅಂದೆ. "ಗುಂಡಿಯಾಗ ಇಳಿಸು."

ಅವನು ಹೆದರಿ ಇರುವೆ ಹರಿದಂತೆ ಓಡಿಸಿದ. ಏನೂ ಹಾರಲಿಲ್ಲ. "ಹಂಗಲ್ಲ. ಕೊಟ್ಟೂರಿಗೆ ಹೊತ್ತಾಗೈತಿ ಅಂತ ತಿಳಕೊಂಡು ಬಾ."

ಎರಡನೇ ಸಲ ಮೊದಲು ಸದ್ದು ಕೇಳಿತು. ಆಮೇಲೆ ತಣ್ಣಗೆ ಒಂದು ಪೆಟ್ಟು. ಮೊಣಕಾಲಿನಿಂದ ಕನ್ನಡಕದ ತನಕ. ಸಣ್ಣ ಹರಳುಗಳು ಕಣಕಾಲಿಗೆ ಚುಚ್ಚಿದವು. ಬಾಯಲ್ಲಿ ಮರಳು ಕರಕರ ಅಂದಿತು. ಮಗಳು ಬಾಗಿಲಿನಿಂದ, "ಅಪ್ಪಾ, ನಿನಗ ತಲಿ ನೆಟ್ಟಗ ಐತಾ?" ಎಂದು ಓಡಿಬಂದಳು. ಅಳಿಯ ಕಾರು ನಿಲ್ಲಿಸಿ ಇಳಿದ.

"ಇವತ್ತ ಹಾಕಿಸ್ತೀನ್ರಿ ಮಾವಾರ. ಬಾಯಿಲೆ ಹೇಳಿದ್ರ ಸಾಕಾಗಿತ್ತಲ್ರಿ. ಕೆಸರು ಹಾರ್ತೈತಿ ಅಂತ ನಿಮಗ ಗೊತ್ತಿದ್ದಿಲ್ಲೇನು?"

"ಗೊತ್ತಿದ್ದಿಲ್ಲಪಾ," ಅಂದೆ.

ಮಗಳು ತಂಬಿಗೆಯಲ್ಲಿ ನೀರು ತಂದಳು. ತೊಳೆದುಕೊಳ್ಳಲು ಯಾಕೋ ಮನಸ್ಸಾಗಲಿಲ್ಲ. ಎದುರು ಮನೆಯ ಗೋಡೆಯ ಪಕ್ಕ ಬಿಸಿಲಿತ್ತು. ಒಣಗಿದರೆ ಹೇಗಿರುತ್ತದೆ ನೋಡೋಣವೆಂದು ಅಲ್ಲಿ ಹೋಗಿ ನಿಂತೆ.