ಹಿಂಗೋಡೆಯ ಇಬ್ಬರು

ಎಪ್ಪತ್ತರ ದಶಕದ ಮಾತು. ಹರಿಹರದ ಹಳೇ ಗುಡಿಯ ದುರಸ್ತಿಗೆ ನಾನು ಓವರ್‌ಸಿಯರ್. ಗುಡಿಯ ಹಿಂದಿನ ಗೋಡೆಯ ಒರಟು ಕಲ್ಲೊಂದನ್ನು ನಯ ಮಾಡಿಸಬೇಕೆಂದು ಆಫೀಸಿನ ಆದೇಶ ಬಂದಿತ್ತು. ದಾವಣಗೆರೆಯ ಕಲ್ಲುಕುಟಿಗ ಇಮಾಂಸಾಬರು ಅದರ ಮೇಲೆ ಬೆರಳಾಡಿಸಿ, ಉಳಿ ಕೆಳಗಿಟ್ಟರು.

"ಇದನ್ನ ಅಳಿಸೋದು ಬ್ಯಾಡ್ರಿ. ಉಳಿಗುರುತು ನೋಡ್ರಿ, ಇಲ್ಲೀತನಕ ಎಡಗೈಯವ್ನು ಕೆತ್ತ್ಯಾನೆ. ಇಲ್ಲಿಂದ ಬಲಗೈಯವ್ನು. ಜೊತೆಗಾರನ ಪಾಲು ಮುಗಿಸಿಕೊಟ್ಟಾನೆ."

"ಎಡಗೈಯವನಿಗೆ ಏನಾಗಿತ್ತು?"

"ಸತ್ತಿರಬೇಕ್ರಿ. ಬದುಕಿದ್ರೆ ಅವ್ನ ಕಲ್ಲಿಗೆ ಇನ್ನೊಬ್ಬ ಉಳಿ ಹಚ್ತಿರಲಿಲ್ಲ. ನಮ್ಮಲ್ಲಿ ಈಗ್ಲೂ ಹಂಗೇ ಐತೆ."

ಗುಡಿಯ ಮುಂಭಾಗದ ಶಾಸನದಲ್ಲಿ ಅದನ್ನು ಕಟ್ಟಿಸಿದ ದಂಡನಾಯಕನ ಹೆಸರನ್ನು ಎಷ್ಟೋ ಸಲ ಓದಿದ್ದೆ. ಹೆಸರಿಲ್ಲದ ಈ ಇಬ್ಬರನ್ನು ಕಂಡದ್ದು ಅವತ್ತೇ. ಕಲ್ಲು ಮುಟ್ಟಿಸದೆ, 'ಕೆಲಸ ಮುಗಿದಿದೆ' ಅಂತ ವರದಿ ಬರೆದುಬಿಟ್ಟೆ.

ತಪಾಸಣೆಗೆ ಬಂದ ಮೇಲಧಿಕಾರಿ ಅದೇ ಕಲ್ಲನ್ನು ಸವರಿ, "ಭಾಳ ನಯ ಬಂದೈತಲ್ರೀ" ಅಂದರು.