ಭಾಗ್ಯನಗರದಲ್ಲಿ ನಾನು ಆರಿಸಿದ ಹಸಿರು

ಕೊಪ್ಪಳಕ್ಕೆ ಅಂಟಿಕೊಂಡ ಭಾಗ್ಯನಗರದಲ್ಲಿ ನನ್ನನ್ನು ಮೊದಲು ಮಾತನಾಡಿಸಿದ ಹೆಂಗಸು ನನ್ನ ಹೆಸರು ಕೇಳಲಿಲ್ಲ, ನೇರವಾಗಿ ಸೆರಗಿಗೆ ಕೈ ಹಾಕಿದಳು. ಬಾಡಿಗೆಗೆ ಮನೆ ಇದೆಯೆಂದು ಯಾರೋ ಹೇಳಿದ್ದನ್ನು ನಂಬಿ, ಟ್ರಂಕು ಕೆಳಗಿಟ್ಟು ಬೆವರು ಒರೆಸಿಕೊಳ್ಳುತ್ತ ಅವಳ ಬಾಗಿಲಲ್ಲಿ ನಿಂತಿದ್ದೆ. ಆಕೆ ಸೆರಗಿನ ತುದಿಯನ್ನು ಎರಡು ಬೆರಳ ನಡುವೆ ಹಿಡಿದು ಉಜ್ಜಿದಳು, ಒಳಮಗ್ಗುಲು ತಿರುಗಿಸಿ ನೋಡಿದಳು, ಬಿಸಿಲಿಗೆ ಹಿಡಿದು ಕಣ್ಣು ಕಿರಿದು ಮಾಡಿದಳು. ಮೈಸೂರಿನಲ್ಲಿ ಹೀಗೆ ಅಪರಿಚಿತಳ ಸೆರಗು ಹಿಡಿದರೆ ಬೀದಿಯೇ ಸೇರುತ್ತದೆ. ನಾನು ಗಾಬರಿಯಿಂದ ಹಿಂದೆ ಸರಿದೆ.

"ಪವರ್‌ಲೂಮಿಂದು," ಎಂದಳು, ಅಯ್ಯೋ ಪಾಪ ಎನ್ನುವ ದನಿಯಲ್ಲಿ. "ಇಷ್ಟ ಸಣ್ಣ ವಯಸ್ಸಿಗೆ ಇಂಥಾ ಬೂದಿ ಬಣ್ಣ ಯಾಕ್ರಿ ಅಕ್ಕಾರ? ನಿಮ್ಮ ಮನಿಯವ್ರು ಎಲ್ಲದಾರ್ರಿ?"

"ಊರಲ್ಲೇ ಇದ್ದಾರೆ," ಎಂದುಬಿಟ್ಟೆ.

ಅವರು ತೀರಿಕೊಂಡು ಆಗ ಎರಡು ವರ್ಷವಾಗಿತ್ತು. ಹಣೆಯ ಬೊಟ್ಟು, ಕತ್ತಿನ ಕರಿಮಣಿ ನಾನೇ ರೈಲಿನಲ್ಲಿ ಮತ್ತೆ ಹಾಕಿಕೊಂಡದ್ದು. ಕೊಪ್ಪಳ ಆಗಷ್ಟೇ ಜಿಲ್ಲೆಯಾಗಿ, ಹೊಸ ಕಚೇರಿಗಳಿಗೆ ಜನ ಬೇಕಾಗಿದ್ದರು. ಗಂಡ ಸತ್ತವಳಿಗೆ ಸರ್ಕಾರ ಅನುಕಂಪದ ಮೇಲೆ ಕೊಡುವ ಗುಮಾಸ್ತೆಯ ನೌಕರಿ ನನಗೆ ಸಿಕ್ಕಿದ್ದು ಇಲ್ಲಿ. ಮೈಸೂರಿನಲ್ಲಿ ಎಲ್ಲರೂ ಅಯ್ಯೋ ಅಷ್ಟು ದೂರವೇ ಎಂದರು. ದೂರವೇ ನನಗೆ ಬೇಕಾಗಿದ್ದು ಎಂದು ನಾನು ಯಾರಿಗೂ ಹೇಳಲಿಲ್ಲ.

ಅಲ್ಲಿ, ಕರ್ಮಗಳೆಲ್ಲ ಮುಗಿದ ಮಾರನೆಯ ದಿನ, ಅತ್ತೆ ನನ್ನ ಬೀರು ತೆಗೆದು ಬಣ್ಣದ ಸೀರೆಗಳನ್ನೆಲ್ಲ ನಾದಿನಿಗೆ ಕೊಟ್ಟಿದ್ದರು. "ನಿನಗ್ಯಾಕಮ್ಮ ಇನ್ನು ಇವೆಲ್ಲ? ಇಟ್ಕೊಂಡು ನೋಡ್ತಾ ಕೂತ್ರೆ ನಿನಗೇ ಸಂಕಟ," ಎಂದಿದ್ದರು. ಒರಟಾಗಿ ಹೇಳಲಿಲ್ಲ, ತುಂಬ ನಯವಾಗಿ ಹೇಳಿದರು. ಇದನ್ನು ಓದುತ್ತಿರುವ ಮೈಸೂರಿನವರಾದ ನಿಮಗೆ ಆ ನಯ ಚೆನ್ನಾಗಿ ಗೊತ್ತು. ಆಗ ನನಗೆ ಇಪ್ಪತ್ತೇಳು ವರ್ಷ. ಉಳಿದದ್ದು ಬೂದಿ, ಕಂದು, ಮಾಸಲು ನೀಲಿ. ಅವನ್ನೇ ಟ್ರಂಕಿಗೆ ತುಂಬಿಕೊಂಡು ಬಂದಿದ್ದೆ.

ಸೆರಗು ಹಿಡಿದ ಹೆಂಗಸು ಗಂಗವ್ವ, ನನ್ನ ಮನೆಯೊಡತಿ. ಅವರದು ನೇಕಾರರ ಮನೆ. ನನ್ನ ಕೋಣೆಗೂ ಅವರ ಮಗ್ಗಕ್ಕೂ ನಡುವೆ ಒಂದೇ ಗೋಡೆ. ಮೊದಲ ವಾರ ಆ ಲಟಪಟಕ್ಕೆ ತಲೆ ಸಿಡಿಯುತ್ತಿತ್ತು. ಆಮೇಲೆ ಅದು ನಿಂತರೆ ಏನಾಯಿತೆಂದು ಎದ್ದು ನೋಡುವಂತಾಯಿತು. ಊಟಕ್ಕೆ ಜೋಳದ ರೊಟ್ಟಿ ತಟ್ಟಲು ಹೋಗಿ ಭಾರತದ ನಕ್ಷೆ ಮಾಡಿದೆ, ಗಂಗವ್ವ ನಕ್ಕು ತನ್ನ ಮನೆಯದೇ ಎರಡು ರೊಟ್ಟಿ, ಶೇಂಗಾ ಚಟ್ನಿ ಕಳಿಸತೊಡಗಿದಳು. ಭಾಷೆಯೂ ಹಾಗೆಯೇ. ಎರಡು ತಿಂಗಳು ಕಳೆದ ಮೇಲೆ ನನ್ನ ಮಾತಿನ ಕೊನೆಗೂ ಒಂದು 'ರಿ' ತಾನಾಗಿಯೇ ಅಂಟಿಕೊಂಡಿತು.

ಉಡುಗೆಯ ಪಾಠ ಮಾತ್ರ ಬೇರೆಯೇ ಇತ್ತು. ಮೈಸೂರಿನಲ್ಲಿ ನಾವು ಸೀರೆಯನ್ನು ನೋಡಿ ರೇಷ್ಮೆಯೋ ಅಲ್ಲವೋ ಎಂದು ಕೇಳುತ್ತೇವೆ, ಇಲ್ಲಿ ಯಾರ ಮಗ್ಗದ್ದು ಎಂದು ಕೇಳುತ್ತಾರೆ. ಇಲ್ಲಿ ನೇಯುವ ಇಳಕಲ್ ಸೀರೆಯ ಒಡಲು ಬೇರೆ, ಸೆರಗು ಬೇರೆ. ಎರಡರ ಎಳೆಗಳನ್ನೂ ಒಂದಕ್ಕೊಂದು ಸಿಕ್ಕಿಸಿ ಕೂಡಿಸುತ್ತಾರೆ. ಆ ಕೂಡಿಕೆ ಸಪಾಟಾಗಿ ಕೂತಿದೆಯೇ ಎಂದು ನೋಡಲಿಕ್ಕೇ ಗಂಗವ್ವನ ಬೆರಳು ಎಲ್ಲರ ಸೆರಗಿಗೂ ಹೋಗುತ್ತಿತ್ತು. ನಾವು ರವಿಕೆ ಎನ್ನುವುದನ್ನು ಇಲ್ಲಿ ಜಂಪರ್ ಎನ್ನುತ್ತಾರೆ. ನಮ್ಮಲ್ಲಿ ಅದು ಸೀರೆಗೆ ಹೊಂದಬೇಕು, ಇಲ್ಲಿ ಖಣದ ಜಂಪರ್ ಸೀರೆಯ ಜೊತೆ ಜಗಳವಾಡಬೇಕು, ಆಗಲೇ ಚೆಂದ. ನಮ್ಮ ಕಡೆ ಹಬ್ಬದ ದಿನ ಕಪ್ಪು ಉಟ್ಟರೆ ಹೊಸಿಲಲ್ಲೇ ತಡೆಯುತ್ತಾರೆ. ಇಲ್ಲಿ ಸಂಕ್ರಾಂತಿಗೆ ಕೆಂಪಂಚಿನ ಕಪ್ಪು ಚಂದ್ರಕಾಳಿ ಸೀರೆ ಉಟ್ಟು ಹೆಂಗಸರು ಎಳ್ಳು ಬೀರಲು ಹೊರಟಿದ್ದನ್ನು ನೋಡಿ ಬಾಯಿ ಬಿಟ್ಟು ನಿಂತಿದ್ದೆ. ಅಂದರೆ ಬಣ್ಣಗಳ ಕಾನೂನು ಊರೂರಿಗೆ ಬದಲಾಗುತ್ತದೆ ಎಂದಾಯಿತು. ಅದು ತಿಳಿದ ದಿನ ನನಗೆ ಕುಣಿಯುವಷ್ಟು ಸಂತೋಷವಾಯಿತು.

ಮೊದಲು ಇಟ್ಟಿಗೆ ಕೆಂಪಿನ ಒಂದು ಸೀರೆ ಕೊಂಡೆ. ಜಂಪರ್ ಹೊಲಿಸಲು ಓಣಿಯ ತುದಿಯ ಜುಬೇದಾ ಆಪಾ ಬಳಿ ಅಳತೆಗೆಂದು ನನ್ನ ಹಳೆಯ ರವಿಕೆಗಳನ್ನು ಒಯ್ದೆ. ಆಕೆ ಒಂದೊಂದನ್ನೇ ಬಿಡಿಸಿ ಮೇಜಿನ ಮೇಲಿಟ್ಟು, "ಎಲ್ಲಾ ಒಂದ ನಮೂನಿ ಅದಾವಲ್ರಿ ಅಕ್ಕಾ," ಎಂದು ನನ್ನ ಮುಖ ನೋಡಿದಳು. ನಾನು ಟೇಪು ನೋಡಿದೆ. "ನಾನೂ ಆರು ವರ್ಷ ಬರೇ ಬಿಳೀದ ಹಾಕ್ಕೊಂಡೀನ್ರಿ," ಎಂದಷ್ಟೇ ಹೇಳಿ ಕತ್ತಿನ ಅಳತೆ ತೆಗೆದುಕೊಂಡಳು. ಅವಳಿಗೆ ತಿಳಿಯಿತು, ಯಾರಿಗೂ ಹೇಳಲಿಲ್ಲ.

ಒಂದು ವರ್ಷದೊಳಗೆ ನಾನು ಉಡುಗೆಯ ವಿಷಯದಲ್ಲಿ ಸಲಹೆ ಕೊಡುವವಳಾಗಿದ್ದೆ ಎಂದರೆ ನಗುತ್ತೀರಿ. ಕುಷ್ಟಗಿಗೆ ತನಿಖೆಗೆ ಹೋಗುವಾಗ ಆ ಬಿಸಿಲಿಗೆ ನೈಲಾನ್ ಬೇಡ, ತೆಳು ಬಣ್ಣದ ಕಾಟನ್ ಉಡು ಎಂದು ಕಚೇರಿಯ ಜೊತೆಯವಳಿಗೆ ಹೇಳಿದೆ. ಯಲಬುರ್ಗಾ ಕಡೆ ಹಳ್ಳಿಯ ಹಿರಿಯರ ಮುಂದೆ ಸೆರಗು ತಲೆಯ ಮೇಲೆ ನಿಲ್ಲಬೇಕಲ್ಲ, ಅದಕ್ಕೆ ಪಿನ್ನು ಎಲ್ಲಿ ಚುಚ್ಚಬೇಕೆಂದು ತೋರಿಸಿದೆ. ಮಗಳನ್ನು ನೋಡಲು ಗಂಡಿನವರು ಬರುತ್ತಾರೆಂದು ಒಬ್ಬಾಕೆ ಗಂಗಾವತಿಯ ಬಟ್ಟೆ ಅಂಗಡಿಗೇ ನನ್ನನ್ನು ಕರೆದೊಯ್ದಳು. ಕಪ್ಪಗಿರುವ ಹುಡುಗಿಗೆ ತಿಳಿ ಗುಲಾಬಿ ಉಡಿಸಿ ಬೆಳ್ಳಗೆ ಕಾಣಿಸುವ ಹಟ ಬಿಡಿ, ಅರಿಶಿನ ಬಣ್ಣ ಉಡಿಸಿ, ಅವಳು ಅವಳ ಹಾಗೆಯೇ ಕಾಣಲಿ ಎಂದೆ. ಸಂಬಂಧ ಕೂಡಿತು. ಮರುವಾರ ನನ್ನ ಬಾಗಿಲಿಗೆ ಇನ್ನಿಬ್ಬರು ಬಂದರು.

ಗಂಗವ್ವನ ಹಿರಿಯ ಮಗಳು ರೇಣುಕಾ ಚೊಚ್ಚಲ ಬಸುರಿಯಾಗಿ ತವರಿಗೆ ಬಂದದ್ದು ಆಗ. ಏಳನೆಯ ತಿಂಗಳಿಗೆ ಕುಬಸ, ನಮ್ಮ ಸೀಮಂತದ ಹಾಗೆ. ಬಸುರಿಗೆ ಹಸಿರು ಸೀರೆ ಉಡಿಸಿ, ಮುತ್ತೈದೆಯರು ಉಡಿ ತುಂಬುತ್ತಾರೆ. ಮಡಿಲಲ್ಲಿ ಅಕ್ಕಿ, ಕೊಬ್ಬರಿ, ಖಣ ಇಡುತ್ತಾರೆ. ಆ ಸೀರೆಯನ್ನು ಅಂಗಡಿಯಿಂದ ತರುವ ಮಾತೇ ಇಲ್ಲ, ಗಂಗವ್ವ ತಾನೇ ನೇಯಬೇಕು. "ಬಣ್ಣ ನೀವ ಆರಿಸ್ರಿ," ಎಂದಳು.

ನಾಲ್ಕು ದಿನ ಅದೇ ಯೋಚನೆಯಲ್ಲಿದ್ದೆ. ಎಲ್ಲರೂ ಉಡಿಸುವ ಗಿಳಿ ಹಸಿರು ರೇಣುಕಾಳ ಬಾಡಿದ ಮುಖವನ್ನು ಇನ್ನಷ್ಟು ಬಾಡಿಸುತ್ತಿತ್ತು. ಗಂಗಾವತಿಯ ದಾರಿಯಲ್ಲಿ, ಕಾಲುವೆಯ ಕೆಳಗೆ, ನಾಟಿ ಮಾಡಿ ತಿಂಗಳಾದ ಭತ್ತದ ಗದ್ದೆ ಇರುತ್ತದಲ್ಲ, ಸ್ವಲ್ಪ ಹಳದಿ ಬೆರೆತದ್ದು, ಆ ಹಸಿರು ಬೇಕೆಂದೆ. ಬಣ್ಣ ಹಾಕುವವನಿಗೆ ತೋರಿಸಲು ಒಂದು ಹಿಡಿ ಪೈರನ್ನೇ ಒದ್ದೆ ಬಟ್ಟೆಯಲ್ಲಿ ಸುತ್ತಿ ಬಸ್ಸಿನಲ್ಲಿ ತಂದೆ. ದಡಿ, ಅಂದರೆ ಅಂಚು, ದಾಳಿಂಬೆ ಕೆಂಪು. ಏಳು ತಿಂಗಳ ಹೊಟ್ಟೆ ಹೊತ್ತು ಗಂಟೆಗಟ್ಟಲೆ ಕೂರಬೇಕಾದವಳಿಗೆ ಒಡಲು ಅಪ್ಪಟ ಹತ್ತಿಯದೇ ಇರಲಿ, ಸೆರಗಿಗೆ ಮಾತ್ರ ರೇಷ್ಮೆ ಎಂದೆ. ಗಂಗವ್ವ ಎಲ್ಲಕ್ಕೂ ಹೂಂ ಎಂದಳು. ಮಗ್ಗಕ್ಕೆ ಉದ್ದಕ್ಕೆ ಹೂಡಿದ ಒಂದೇ ಹಾಸಿನಲ್ಲಿ ಎರಡು ಸೀರೆ ಇಳಿದವು. ಎರಡನೆಯದನ್ನು ಮಡಿಸಿ ನನ್ನ ಕೈಗಿಟ್ಟಳು.

"ಇದು ನಿಮಗರಿ. ಐದು ಮಂದಿ ಮುತ್ತೈದೇರು ಉಡಿ ತುಂಬಬೇಕಲ್ರಿ, ಮೊದಲನೇದವ್ರು ನೀವ. ಇದನ್ನ ಉಟ್ಕೊಂಡ ಬರ್ರಿ."

ಸೀರೆ ಹಿಡಿದು ನನ್ನ ಕೋಣೆಗೆ ಬಂದು ಕೂತೆ. ಇಂಥದನ್ನೆಲ್ಲ ನಂಬುವುದಿಲ್ಲ ಎಂದು ಬೀಗುತ್ತಿದ್ದವಳು ನಾನು. ಆದರೆ ಹೆರಿಗೆಯಲ್ಲಿ ಏನಾದರೂ ಆದರೆ? ಅದು ನನ್ನ ಕೈಯಿಂದ ಎಂದು ಅವರು ಅನ್ನದಿದ್ದರೂ ನಾನೇ ಅಂದುಕೊಳ್ಳುತ್ತೇನೆ ಎಂದು ಆ ದಿನ ಗೊತ್ತಾಯಿತು. ಅತ್ತೆ ಬೀರುವನ್ನಷ್ಟೇ ಖಾಲಿ ಮಾಡಿ ಬಿಟ್ಟಿರಲಿಲ್ಲ, ನನ್ನೊಳಗೂ ಏನನ್ನೋ ತುಂಬಿ ಕಳಿಸಿದ್ದರು. ಅದಕ್ಕೆ ಇವತ್ತಿಗೂ ನಾನು ಅವರನ್ನು ಕ್ಷಮಿಸಿಲ್ಲ.

ಮಾರನೆಯ ದಿನ ಮಧ್ಯಾಹ್ನ ಗಂಗವ್ವನ ಮಗ್ಗದ ಹತ್ತಿರ ನೆಲದ ಮೇಲೆ ಕೂತು ಹೇಳಿದೆ. ಮಗ್ಗ ತುಳಿಯುತ್ತಿದ್ದ ಅವಳ ಕಾಲುಗಳು ಕುಣಿಯೊಳಗೆ ನಿಂತವು.

"ಎಷ್ಟ ವರ್ಷ ಆತು?"

"ಮೂರೂವರೆ."

"ಮೊದಲನೇ ದಿನಾನ ಹೇಳಬೇಕಾಗಿತ್ತರಿ."

"ಹೇಳಿದ್ದರೆ ಮನೆ ಕೊಡುತ್ತಿದ್ದಿರಾ?"

"ಮನಿ ಕೊಡ್ತಿದ್ದೆ," ಎಂದಳು. ಸುಳ್ಳು ಹೇಳುವ ಹೆಂಗಸಲ್ಲ ಅವಳು. ಅವಳ ಕಣ್ಣುಗಳು ತುಂಬಿದ್ದವು, ನನ್ನ ಕೈ ಹಿಡಿದು ಬಹಳ ಹೊತ್ತು ಸವರಿದಳು. ಇನ್ನೇನು ಎದ್ದು ಬರಬೇಕು, ಆಗ ತಲೆ ತಗ್ಗಿಸಿ ಹೇಳಿದಳು. "ಊಟಕ್ಕ ತಪ್ಪಸಬ್ಯಾಡ್ರಿ ಅಕ್ಕಾರ, ನಮ್ಮನಿಯವ್ರ ಇದ್ದಂಗ ನೀವು. ಆದ್ರ ಅವತ್ತ ಹಸರು ಬ್ಯಾಡ್ರಿ. ನೀವು ಬಂದ ದಿನ ಉಟ್ಟಿದ್ರಲ್ಲ, ಬೂದಿ ಬಣ್ಣದ್ದು, ಅದನ್ನ ಉಟ್ಕೊಂಡ ಬರ್ರಿ."

ಸೀರೆಯನ್ನು ವಾಪಸು ಕೇಳಲಿಲ್ಲ. ಕೇಳಿದ್ದರೆ ಜಗಳವಾಡಬಹುದಿತ್ತು.

ಕುಬಸದ ದಿನ ಬೂದಿ ಬಣ್ಣ ಉಟ್ಟು ಹೋದೆ. ಯಾಕೆ ಹೋದೆ ಎಂದು ನೀವು ಕೇಳಬಹುದು. ಆ ಹಸಿರು ರೇಣುಕಾಳ ಮೈಮೇಲೆ ಹೇಗೆ ಕೂರುತ್ತದೆಂದು ನೋಡದೆ ಇರಲು ನನ್ನಿಂದ ಆಗಲಿಲ್ಲ, ಅಷ್ಟೇ. ಅಡುಗೆಮನೆಯ ಬಾಗಿಲ ಪಕ್ಕ, ಇಬ್ಬರು ಮುದುಕಿಯರ ನಡುವೆ ನನಗೆ ಜಾಗ ಬಿಟ್ಟಿದ್ದರು. ಆ ಇಬ್ಬರ ಹಣೆಯೂ ಬರಿದು. ಯಾರೂ ಏನೂ ಹೇಳಬೇಕಾಗಿರಲಿಲ್ಲ. ನಿನ್ನೆ ಮೊನ್ನೆಯವರೆಗೆ ಜಂಪರಿನ ತೋಳು ಎಷ್ಟುದ್ದವಿರಲಿ ಎಂದು ಕೇಳಲು ಬರುತ್ತಿದ್ದ ಹೆಂಗಸರು ನನ್ನ ಕಡೆ ನೋಡಿ, ನನ್ನ ಸೀರೆ ನೋಡಿ, ಆಚೆ ನೋಡಿದರು.

ರೇಣುಕಾ ಬಂದು ಮಣೆಯ ಮೇಲೆ ಕೂತಳು. ಬಾಡಿದ ಮುಖಕ್ಕೆ ಎಲ್ಲಿಂದಲೋ ಕಳೆ ಬಂದಿತ್ತು. ಇದು ನನ್ನದು ಎಂದು ಕೂಗಬೇಕೆನ್ನಿಸಿತು. ಅವಳ ಗಂಡನ ಮನೆಯ ಹಿರಿಯಾಕೆ ಸೆರಗನ್ನು ಬೆರಳಲ್ಲಿ ಉಜ್ಜಿ ನೋಡಿ, "ಏನ್ ಛಲೋ ಬಣ್ಣ ಬಂದೈತವ್ವಾ! ಇಂಥಾ ಹಸರು ನಾ ಎಲ್ಲೂ ನೋಡಿಲ್ಲ. ಯಾರು ಆರಿಸಿದ್ರು?" ಎಂದು ಕೇಳಿದಳು.

ಗಂಗವ್ವ ನನ್ನ ಕಡೆ ನೋಡಲಿಲ್ಲ. "ಯಾರೂ ಆರಿಸಿಲ್ರಿ," ಎಂದಳು. "ಬಣ್ಣ ಹಾಕಾಂವ ತಪ್ಪಿ ಹಾಕಿದ್ದ, ಹಂಗ ಛಲೋ ಆತು."

ಹೋಳಿಗೆ ಬಡಿಸಿದರು, ತಿಂದೆ. ಚೆನ್ನಾಗಿತ್ತು.

ಅವಳು ಯಾಕೆ ಹಾಗೆಂದಳೆಂದು ನನಗೆ ಗೊತ್ತು. ವಿಧವೆ ಆರಿಸಿದ ಸೀರೆಯೆಂದು ತಿಳಿದಿದ್ದರೆ ಬೀಗರು ಆ ಕ್ಷಣವೇ ಅದನ್ನು ಬಿಚ್ಚಿಸುತ್ತಿದ್ದರು. ಅವಳು ಮಗಳನ್ನೂ ಸೀರೆಯನ್ನೂ ಉಳಿಸಿಕೊಂಡಳು. ಅಷ್ಟು ತಿಳಿದರೂ ಆ ಮಾತು ನನ್ನ ಗಂಟಲಿನಿಂದ ಇಳಿದಿಲ್ಲ. ಅತ್ತೆಯ ಮೇಲೆ ಸಿಟ್ಟು ಮಾಡುವುದು ಸುಲಭ, ಅವರಿಗೆ ನಾನು ಬೇಕಾಗಿರಲಿಲ್ಲ. ಗಂಗವ್ವನಿಗೆ ನಾನು ಬೇಕಾಗಿದ್ದೆ. ಮೂರನೆಯ ದಿನವೇ ರೊಟ್ಟಿ ಹಿಡಿದು ಬಂದು, ಏನೂ ಆಗದವಳಂತೆ, ತೊಟ್ಟಿಲಿಗೆ ಯಾವ ಬಟ್ಟೆ ಕಟ್ಟೋಣ ಎಂದು ಕೇಳಿದಳು. ನಾನು ಹೇಳಿದೆ.

ಅಂದಿನಿಂದ ಹಾಗೇ ನಡೆದಿದೆ. ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಮರಳಿ ಬಂದರು. ಮದುವೆಗೆ, ತೊಟ್ಟಿಲಿಗೆ, ಗೃಹಪ್ರವೇಶಕ್ಕೆ ಏನು ಉಡಬೇಕೆಂದು ಕೇಳುತ್ತಾರೆ. ನಾನು ಆರಿಸಿಕೊಡುತ್ತೇನೆ, ಕಾರ್ಯದ ದಿನ ಹೋಗುವುದಿಲ್ಲ. ಕರೆಯುವವರು ಬಾಗಿಲಲ್ಲಿ ನಿಂತು, "ನೀವು ಹೆಂಗೂ ಬರಾಂಗಿಲ್ಲಲ್ರಿ," ಎಂದು ತಾವೇ ಮುಗಿಸುತ್ತಾರೆ. ಆ ಭತ್ತದ ಹಸಿರನ್ನು ನಾನು ಕಚೇರಿಗೆ ಉಡುತ್ತೇನೆ, ಸಂತೆಗೆ ಉಡುತ್ತೇನೆ. ಯಾವ ಕಾರ್ಯವೂ ಇಲ್ಲದ ದಿನ ನನಗೆ ಯಾವ ಬಣ್ಣಕ್ಕೂ ಅಡ್ಡಿಯಿಲ್ಲ.

ಊರಿಗೆ ವರ್ಗ ಮಾಡಿಸಿಕೊ ಎಂದು ಮೈಸೂರಿನಲ್ಲಿರುವ ನನ್ನ ತಮ್ಮ ಪ್ರತಿ ಸಲವೂ ಹೇಳುತ್ತಾನೆ. ಹೋದಾಗ ಮೈಸೂರಿನ ರೈಲಿನಲ್ಲಿ, ನಿಲ್ದಾಣ ಬರುವ ಮೊದಲು, ಸೀರೆ ಬದಲಿಸುತ್ತೇನೆ. ವಾಪಸು ಬರುವಾಗ ಮತ್ತೆ ಬದಲಿಸುತ್ತೇನೆ. ಅಲ್ಲಿ ನಾಲ್ಕನೆಯ ದಿನಕ್ಕೆ ಮಗ್ಗದ ಸದ್ದಿಲ್ಲದೆ ನಿದ್ದೆ ಬರುವುದಿಲ್ಲ. ಇಲ್ಲಿ ಓಣಿಯಲ್ಲಿ ಮದುವೆಯ ವಾದ್ಯ ಕೇಳಿದ ದಿನ ಊರು ನೆನಪಾಗುತ್ತದೆ. ಎರಡೂ ಕಡೆ ನನ್ನ ಹಾಸಿಗೆಯಿದೆ.

ಈಗ ನಾನು ಬಂದು ಹನ್ನೆರಡು ವರ್ಷ. ಕುಬಸದ ದಿನ ಎಂಟು ವರ್ಷದವಳಿದ್ದ ಗಂಗವ್ವನ ಕಿರಿಯ ಮಗಳು ಸಾವಿತ್ರಿಗೆ ಕಳೆದ ತಿಂಗಳು ಮದುವೆಯಾಯಿತು. ಅವಳ ಅಕ್ಕಿಕಾಳಿನ ಸೀರೆಯೂ, ಅಂದರೆ ಧಾರೆಯದು, ನಾನು ಆರಿಸಿದ್ದೇ. ಮದುವೆಯ ಬೆಳಿಗ್ಗೆ ಬಾಗಿಲು ಹಾಕಿಕೊಂಡು ಕೂತಿದ್ದೆ. ಯಾರೋ ದಡದಡ ಬಡಿದರು. ಸಾವಿತ್ರಿ, ಬಾಸಿಂಗವೊಂದು ಬಿಟ್ಟು ಮದುಮಗಳ ಎಲ್ಲ ಅಲಂಕಾರದಲ್ಲಿ, ಅಳುಮುಖ ಮಾಡಿಕೊಂಡು ನಿಂತಿದ್ದಳು.

"ಅಕ್ಕಾ, ನಿರಿಗಿ ಕುಂದ್ರವಲ್ಲವು ನೋಡ್ರಿ. ಎಲ್ಲಾರೂ ಕೂಡಿ ಕೆಡಿಸ್ಯಾರ. ನೀವ ಹಾಕಿಕೊಡ್ರಿ."

ಒಳಗೆ ಕರೆದೆ. ನೆಲದ ಮೇಲೆ ಕೂತು ನಿರಿಗೆಗಳನ್ನೆಲ್ಲ ಬಿಚ್ಚಿ ಮತ್ತೆ ಹಿಡಿದೆ, ಒಂದೊಂದನ್ನೂ ಬೆರಳಿನಿಂದ ತೀಡಿ ಪಿನ್ನು ಹಾಕಿದೆ, ಸೆರಗಿನ ಕೂಡಿಕೆ ಭುಜದ ಮೇಲೆ ಕಾಣುವಂತೆ ಇಳಿಬಿಟ್ಟೆ. ನಾಲ್ಕು ಹೆಜ್ಜೆ ಹಿಂದೆ ಹೋಗಿ ನೋಡಿದೆ. ಸಾವಿತ್ರಿ ಕನ್ನಡಿಯಲ್ಲಿ ತನ್ನನ್ನು ನೋಡಿಕೊಂಡು, ನನ್ನನ್ನು ತಬ್ಬಿಕೊಂಡು, ಮುಂಬಾಗಿಲಿನತ್ತ ಓಡಿದಳು. ಹೊರಗೆ ಬೀಗರ ಟ್ರ್ಯಾಕ್ಟರು ಬಂದು ನಿಂತ ಸದ್ದಾಯಿತು.

ಯಾರ ಮನೆಯಿಂದ ಹೊರಬೀಳುತ್ತಿದ್ದೇನೆಂಬ ಯೋಚನೆಯೇ ಅವಳಿಗೆ ಇರಲಿಲ್ಲ. ಅವಳ ತೋಳು ಹಿಡಿದು ನಿಲ್ಲಿಸಿದವಳು ನಾನು.

"ಹಿತ್ತಲ ಬಾಗಲದಿಂದ ಹೋಗವಾ," ಎಂದೆ, ಅಪ್ಪಟ ಈ ಊರಿನವಳ ಹಾಗೆ. "ಯಾರರ ನೋಡ್ಯಾರು."