ನನ್ನ ತಮ್ಮ ಕೂರಿಸಿದ ಎಂಜಿನ್

ಗುಬ್ಬಿಯಲ್ಲಿ ನಮ್ಮದು ಶಾಮಿಯಾನ, ಕುರ್ಚಿ, ಅಡುಗೆ ಪಾತ್ರೆ ಬಾಡಿಗೆಗೆ ಕೊಡುವ ಅಂಗಡಿ. ಅಂಗಡಿ ನೋಡಿಕೊಳ್ಳುವುದು ನನ್ನ ಗಂಡ, ಗಾಡಿ ಓಡಿಸುವುದು ನಾನು. ಗಾಡಿ ಎಂದರೆ ಏಳು ಜನ ಕೂರುವ, ಜೀಪಿನಂಥ ಹಳೆಯ ಡೀಸೆಲ್ ಗಾಡಿ. ಮೈಯೆಲ್ಲ ಕಬ್ಬಿಣ, ಬಲು ಭಾರ. ಮದುವೆಮನೆಗಳಿಗೆ ಜನರೇಟರ್ ಹೊತ್ತ ಟ್ರೈಲರನ್ನು ಅದರ ಹಿಂದೆ ಕಟ್ಟಿಕೊಂಡು ಹೋಗುತ್ತಿದ್ದೆ.

ವಯಸ್ಸಾದ ಎಂಜಿನ್ನು. ಏರು ಬಂತೆಂದರೆ ಎರಡನೇ ಗೇರಿಗೆ ಇಳಿಯಲೇಬೇಕು. ಒಂದು ಸಂಜೆ ಕುಣಿಗಲ್‌ನಲ್ಲಿ ಆರತಕ್ಷತೆ. ದಾರಿಯುದ್ದಕ್ಕೂ ಹೊಗೆ ಕಕ್ಕುತ್ತ, ಲಾರಿಯವರ ಹಾರ್ನ್ ಕೇಳುತ್ತ ನಾನು ತಲುಪುವಷ್ಟರಲ್ಲಿ ಕರೆಂಟು ಹೋಗಿತ್ತು. ಜನ ಮೊಬೈಲ್ ಬೆಳಕಿನಲ್ಲಿ ಉಣ್ಣುತ್ತಿದ್ದರು. ಹೆಣ್ಣಿನ ಸೋದರಮಾವ ಎದುರು ಬಂದು, ‘ಏನಮ್ಮ, ಎಲೆ ಎತ್ತಾಕೆ ಬಂದ್ರಾ?’ ಎಂದರು.

ಮಾರನೆಯ ದಿನ ತುಮಕೂರಿಗೆ ಹೋಗಿ ತಮ್ಮನ ಮುಂದೆ ಹೇಳಿಕೊಂಡೆ. ಅವನದು ರಿಂಗ್ ರೋಡ್ ಪಕ್ಕದಲ್ಲೊಂದು ಗ್ಯಾರೇಜು. ಕೆಲಸ ಗೊತ್ತು, ಆದರೆ ಕೆಲಸಕ್ಕಿಂತ ಆಸೆ ದೊಡ್ಡದು. ಮೂಲೆಯಲ್ಲಿದ್ದ ಟಾರ್ಪಾಲನ್ನು ಸರಿಸಿ ಒಂದು ಎಂಜಿನ್ ತೋರಿಸಿದ. ಆಕ್ಸಿಡೆಂಟಾದ ಯಾವುದೋ ಫಾರಿನ್ ಕಾರಿನದಂತೆ, ಬೆಂಗಳೂರಿನ ಗುಜರಿಯಿಂದ ತಂದಿದ್ದ. ಆರು ಸಿಲಿಂಡರಿನ ಪೆಟ್ರೋಲ್ ಎಂಜಿನ್, ಮೇಲೆ ಇನ್ನಷ್ಟು ಜೋರು ಕೊಡುವ ಟರ್ಬೊ.

‘ನಿನ್ ಗಾಡಿ ಗಟ್ಟಿ ಐತೆ ಕಣಕ್ಕ, ಎಂಜಿನ್ ಒಂದೇ ಸುಸ್ತಾಗಿರೋದು. ಇದನ್ನ ಕೂರಿಸ್ಬುಟ್ರೆ ಆ ಲಾರಿಯೋರೆಲ್ಲ ನಿನ್ ಹಿಂದೆ. ದೀಪಾವಳಿಗೆ ಕೊಟ್ಬುಡ್ತೀನಿ.’

ಮನೆಗೆ ಬಂದು ಹೇಳಿದಾಗ ನನ್ನ ಗಂಡ ತಟ್ಟೆಯಿಂದ ತಲೆ ಎತ್ತದೆ, ‘ಎಮ್ಮೆಗೆ ಕುದುರೆ ಗುಂಡಿಗೆ ಹಾಕಿದ್ರೆ ಎಮ್ಮೆ ಓಡ್ತದಾ?’ ಎಂದರು. ನನಗೆ ಸಿಟ್ಟು ಬಂತು. ಗಾಡಿಯನ್ನು ತಮ್ಮನಿಗೆ ಕೊಟ್ಟೇ ಬಿಟ್ಟೆ.

ಹಳೆಯ ಎಂಜಿನ್ನು ಒಂದು ಮಧ್ಯಾಹ್ನದಲ್ಲಿ ಕೆಳಗಿಳಿಯಿತು. ಹೊಸದು ಮಾತ್ರ ಕೂರಲೊಲ್ಲದು. ಕೆಳಗಿನ ಆಯಿಲ್ ಸಂಪು ಮುಂದಿನ ಆಕ್ಸಲ್‌ಗೆ ತಾಗುತ್ತಿತ್ತು. ಎತ್ತರಿಸಿ ಕೂರಿಸಿದರೆ ಬಾನೆಟ್ಟು ಮುಚ್ಚುತ್ತಿರಲಿಲ್ಲ. ದೀಪಾವಳಿ ಕಳೆದ ಮೇಲೆ ನೋಡಲು ಹೋದೆ. ಬಾನೆಟ್ಟಿನ ನಡುವೆ ಗ್ಯಾಸ್ ಕಟರ್‌ನಲ್ಲಿ ಮೊರದಗಲ ತೂತು ಕೊರೆದಿದ್ದ.

‘ಲೇ, ಮಳೆ ಬಂದ್ರೆ ಏನೋ ಮಾಡೋದು?’

‘ಮೇಲೊಂದು ತಗಡಿನ ಗೂಡು ಮಾಡಿಸ್ತೀನಿ ಕಣಕ್ಕ. ಸಕ್ಕತ್ತಾಗಿ ಕಾಣ್ತದೆ.’

ಆಮೇಲೆ ರೇಡಿಯೇಟರಿಗೆ ಜಾಗ ಸಾಲಲಿಲ್ಲ. ಆಮೇಲೆ ಎಂಜಿನ್ನಿನ ಕಂಪ್ಯೂಟರು ಅದರ ಮೂಲ ಕಾರಿನ ಕೀ ಇಲ್ಲದೆ ಸ್ಟಾರ್ಟ್ ಆಗುವುದಿಲ್ಲ ಎಂದು ಹಟ ಹಿಡಿಯಿತು. ಬೆಂಗಳೂರಿನಿಂದ ವೈರಿಂಗ್‌ನವನೊಬ್ಬ ಬಂದು, ವೈರನ್ನೆಲ್ಲ ಶಾವಿಗೆಯಂತೆ ಹರವಿ, ಟೀ ಕುಡಿದು ಬರುತ್ತೇನೆಂದು ಹೋದವನು ಮತ್ತೆ ಫೋನೇ ಎತ್ತಲಿಲ್ಲ. ಕಾರ್ತಿಕ ಮಾಸದ ಮದುವೆಗಳೆಲ್ಲ ಹೀಗೇ ಕಳೆದವು. ಜನರೇಟರನ್ನು ಬಾಡಿಗೆ ಟ್ರ್ಯಾಕ್ಟರಿನಲ್ಲಿ ಎಳೆಸಿದೆವು. ಫೋನ್ ಮಾಡಿದಾಗಲೆಲ್ಲ ತಮ್ಮನದು ಒಂದೇ ಮಾತು: ‘ಮುಗೀತಕ್ಕ, ಇನ್ನೊಂಚೂರು.’

ಸಂಕ್ರಾಂತಿ ಕಳೆದ ಮೇಲೆ ಯಾರೋ ಇನ್ನೊಬ್ಬರು ಬಂದು ವೈರಿಂಗ್ ಮುಗಿಸಿದರು. ಎಂಜಿನ್ನು ಸ್ಟಾರ್ಟ್ ಆಯಿತು. ಆ ಸದ್ದಿಗೆ ಎದುರಿನ ಟೀ ಅಂಗಡಿಯವರು ಗ್ಲಾಸು ಹಿಡಿದುಕೊಂಡೇ ಓಡಿ ಬಂದರು. ತಮ್ಮ ನನ್ನ ಪಕ್ಕದಲ್ಲಿ ಕೂತ, ನಾನು ಓಡಿಸಿದೆ. ಕುಣಿಗಲ್ ರಸ್ತೆಯಲ್ಲಿ ಆಕ್ಸಿಲರೇಟರ್ ಮೇಲೆ ಕಾಲೂರಿದೊಡನೆ ಬೆನ್ನು ಸೀಟಿಗೆ ಅಂಟಿಕೊಂಡಿತು. ನಾನು ಗಟ್ಟಿಯಾಗಿ ನಕ್ಕುಬಿಟ್ಟೆ. ಅಷ್ಟು ದಿನದ ಕೋಪವೆಲ್ಲ ಆ ಕ್ಷಣ ಹೋಗಿತ್ತು. ಮುಂದೆ ಹಂಪ್ ಕಂಡು ಬ್ರೇಕ್ ಒತ್ತಿದೆ. ಗಾಡಿ ನಿಲ್ಲಲಿಲ್ಲ. ಎಂಜಿನ್ನು ಹೊಸದು, ಬ್ರೇಕು ಹಳೆಯದು. ಹಾರಿ ಬಿದ್ದಾಗ ಇಬ್ಬರ ತಲೆಯೂ ಮೇಲಿನ ತಗಡಿಗೆ ಬಡಿಯಿತು.

ದೊಡ್ಡ ಬ್ರೇಕು ಹಾಕಿದ್ದಾಯಿತು. ಆಮೇಲೆ ಟ್ರೈಲರ್ ಕಟ್ಟಿ ನೋಡೋಣವೆಂದು ಹೊರಟೆವು. ನಿಧಾನದ ಡೀಸೆಲ್ಲಿಗೆಂದು ಮಾಡಿದ ಗೇರುಗಳು ಅವು. ಮೊದಲ ಗೇರು ಹಾಕಿ ಉಸಿರು ಬಿಡುವುದರೊಳಗೆ ಎರಡನೆಯದು ಕೇಳುತ್ತಿತ್ತು. ಕ್ಲಚ್ಚು ಸುಟ್ಟ ವಾಸನೆ ಬರುತ್ತಲೇ ಇತ್ತು. ಹೆಬ್ಬೂರು ದಾಟಿ ಒಂದು ಏರಿನಲ್ಲಿ ಕಾಲೂರಿದೆ. ಅಡಿಯಲ್ಲಿ ಧಡಾರೆಂದಿತು. ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಕ್ಕೆ ಹೋಗುವ ಪ್ರೊಪೆಲ್ಲರ್ ಶಾಫ್ಟ್ ಜಾಯಿಂಟಿನ ಹತ್ತಿರ ಮುರಿದು ರಸ್ತೆಗೆ ಬಿದ್ದಿತ್ತು.

ತಮ್ಮನು ಗಾಡಿಯಡಿಗೆ ತೂರಿ ನೋಡಿ ಎದ್ದು ಬಂದ. ‘ಜಾಯಿಂಟ್ ಅಷ್ಟೇ ಅಕ್ಕ. ದಪ್ಪಂದು ಹಾಕಿದ್ರೆ ಸರಿಹೋಯ್ತದೆ.’

‘ಅದು ದಪ್ಪಂದು ಹಾಕಿದ್ರೆ ಗೇರ್‌ಬಾಕ್ಸ್ ಹೋಯ್ತದೆ. ಗೇರ್‌ಬಾಕ್ಸ್ ದಪ್ಪ ಮಾಡಿದ್ರೆ ಇನ್ನೇನೋ ಹೋಯ್ತದೆ. ಕೊನೇಗೆ ನನ್ ಗಾಡೀಲಿ ನನ್ದು ಅಂತ ಉಳ್ಯೋದು ಹಾರ್ನ್ ಒಂದೇ ಕಣೋ!’

ತೆಂಗಿನಕಾಯಿ ಹೇರಿದ ಟ್ರ್ಯಾಕ್ಟರೊಂದು ನಮ್ಮನ್ನು ಹಗ್ಗ ಕಟ್ಟಿ ಎಳೆದುಕೊಂಡು ಹೋಯಿತು. ಮುಂದೆ ಅದನ್ನೂ ರಿಪೇರಿ ಮಾಡಿ, ಎಂಜಿನ್ ಬದಲಾಗಿದ್ದನ್ನು ಆರ್‌ಸಿಯಲ್ಲಿ ಸೇರಿಸಿಕೊಳ್ಳಲಿ ಎಂದು ಆರ್‌ಟಿಓಗೆ ಹೋದೆವು. ಬ್ರೇಕ್ ಇನ್ಸ್‌ಪೆಕ್ಟರು ಬಗ್ಗಿ ಬಾನೆಟ್ಟಿನ ತೂತು ನೋಡಿದರು. ಒರಟಾಗೇನೂ ಮಾತಾಡಲಿಲ್ಲ. ‘ಇದು ಆಗಲ್ಲಮ್ಮ. ಡೀಸೆಲ್ ಗಾಡಿಗೆ ಈ ಎಂಜಿನ್ ಹಾಕೋಕೆ ಪರ್ಮಿಷನ್ನೇ ಇಲ್ಲ. ಏನಾದ್ರೂ ಆದ್ರೆ ಇನ್ಶೂರೆನ್ಸೂ ಬರಲ್ಲ’ ಎಂದರು.

ಹೊರಗೆ ಬಂದು ತಮ್ಮನಿಗೆ ಹೇಳಿದೆ: ‘ಸಾಕು. ನನ್ ಹಳೇ ಎಂಜಿನ್ನೇ ವಾಪಸ್ ಹಾಕು.’

ಅವನು ಚಪ್ಪಲಿಯಿಂದ ನೆಲ ಕೆರೆಯುತ್ತ ನಿಂತ. ಇನ್ನೊಮ್ಮೆ ಕೇಳಿದ ಮೇಲೆ, ‘ಕೋರದಾಗೆ ಒಬ್ರಿಗೆ ಕೊಟ್ಬುಟ್ಟೆ ಅಕ್ಕ. ನಾರಿನ ಮಿಲ್ಲಿಗೆ’ ಎಂದ.

ಗಾಡಿಯನ್ನು ಗ್ಯಾರೇಜಿನಲ್ಲಿ ಬಿಟ್ಟು ಆಗಲೇ ಬಸ್ ಹತ್ತಿ ಕೋರಕ್ಕೆ ಹೋದೆವು. ಮಿಲ್ಲು ಕಾಣುವ ಮುಂಚೆಯೇ ಸದ್ದಿನಲ್ಲೇ ಗುರುತು ಹಿಡಿದೆ. ಸಿಮೆಂಟಿನ ಕಟ್ಟೆಯ ಮೇಲೆ ಬೋಲ್ಟ್ ಹಾಕಿ ಕೂರಿಸಿದ್ದ ನನ್ನ ಎಂಜಿನ್ನು ತೆಂಗಿನ ಸಿಪ್ಪೆಯಿಂದ ನಾರು ಬಿಡಿಸುವ ಮಿಷನ್ನನ್ನು ನೆಮ್ಮದಿಯಾಗಿ ತಿರುಗಿಸುತ್ತಿತ್ತು. ನಾನು ಎಷ್ಟು ಕೇಳಿಕೊಂಡರೂ ಮಿಲ್ಲಿನ ಯಜಮಾನರು ಒಪ್ಪಲಿಲ್ಲ. ‘ಕಾಫಿ ಕುಡ್ಕೊಂಡ್ ಹೋಗವ್ವ. ಎಂಜಿನ್ ಮಾತ್ರ ಕೇಳ್ಬೇಡ. ಬಲು ಚೆನ್ನಾಗ್ ಓಡ್ತಾ ಐತೆ’ ಎಂದರು.

ಬಸ್‌ಸ್ಟಾಪಿನಲ್ಲಿ ನಿಂತು ತಮ್ಮನನ್ನು ಕೇಳಿದೆ: ‘ಹೊಸ್ದು ಓಡೋ ಗ್ಯಾರಂಟಿನೇ ಇರ್ಲಿಲ್ಲ. ಹಳೇದನ್ನ ಯಾಕೋ ಕೊಟ್ಟೆ?’

‘ಅದು ಗ್ಯಾರೇಜಲ್ಲೇ ಇದ್ದಿದ್ರೆ ಮೊದ್ಲನೇ ತೊಂದ್ರೆಗೇ ನೀನು ಹಳೇದೇ ಹಾಕು ಅಂತಿದ್ದೆ, ಅಕ್ಕ.’

ನಿಜವೇ. ನಿಜವಾಗಿದ್ದಕ್ಕೇ ನನಗೆ ಮೈಯೆಲ್ಲ ಉರಿಯಿತು. ಹಳೆಯದು ಇಲ್ಲದಿದ್ದರೆ ಅಕ್ಕ ಬಾಯಿ ಮುಚ್ಚಿಕೊಂಡು ಅವನ ಆಸೆಯ ಹಿಂದೆ ಬರುತ್ತಾಳೆಂದು ಅವನು ಮೊದಲೇ ಯೋಚಿಸಿದ್ದ. ಬಸ್ಸಿನಲ್ಲಿ ಬೇರೆ ಸೀಟಿನಲ್ಲಿ ಕೂತೆ. ಅಲ್ಲಿಂದ ಮುಂದೆ ಅವನ ಫೋನನ್ನು ನಾನು ಎತ್ತಲಿಲ್ಲ.

ಯುಗಾದಿ ಕಳೆದ ಮೇಲೆ ಬೆಳ್ಳಾವಿ ಕಡೆ ಗುಜರಿಗೆ ಹೊರಟಿದ್ದ ಅದೇ ಥರದ ಗಾಡಿಯೊಂದರ ಡೀಸೆಲ್ ಎಂಜಿನ್ ಅವನಿಗೆ ಸಿಕ್ಕಿತಂತೆ. ಅದನ್ನು ಕೂರಿಸಿ, ಬಾನೆಟ್ಟಿನ ತೂತಿಗೆ ತಗಡು ಬೆಸೆದು, ಒಂದು ಮಧ್ಯಾಹ್ನ ತಾನೇ ಗಾಡಿ ಓಡಿಸಿಕೊಂಡು ಗುಬ್ಬಿಗೆ ಬಂದ. ನಾನು ಹೊರಗೆ ಬರಲಿಲ್ಲ. ನನ್ನ ಗಂಡ ಕೀ ಇಸಿದುಕೊಂಡು ಅವನನ್ನು ಊಟಕ್ಕೆ ಕೂರಿಸಿದರು. ಅಡುಗೆಮನೆಗೆ ಅವನ ಮಾತು ಕೇಳಿಸುತ್ತಿತ್ತು. ಆ ಪೆಟ್ರೋಲ್ ಎಂಜಿನ್ನಿಗೆ ಅದರದೇ ಗೇರ್‌ಬಾಕ್ಸ್ ಸಿಕ್ಕಿದ್ದರೆ ಕತೆಯೇ ಬೇರೆ ಇರುತ್ತಿತ್ತೆಂದು ಅವರಿಗೆ ವಿವರಿಸುತ್ತಿದ್ದ. ನನಗೆ ಹಣೆ ಚಚ್ಚಿಕೊಳ್ಳುವಂತಾಯಿತು.

ನನ್ನ ಗಂಡ ಒಳಗೆ ಬಂದು ಮೆಲ್ಲಗೆ ಹೇಳಿದರು: ‘ನಿನ್ ತಮ್ಮಂಗೆ ಇನ್ನೊಂದ್ ಮುದ್ದೆ ಬೇಕಂತೆ.’

ತೆಗೆದುಕೊಂಡು ಹೋಗಿ ತಟ್ಟೆಗೆ ಹಾಕಿದೆ. ಅವನು ತಲೆ ತಗ್ಗಿಸಿಯೇ ಕೂತಿದ್ದ. ಉಗುರ ಸಂದಿಯಲ್ಲೆಲ್ಲ ಗ್ರೀಸು.

‘ಸಾರು ಬೇಕೇನೋ?’ ಎಂದೆ.

‘ಹೂಂ ಅಕ್ಕ’ ಎಂದ.